ಆಪಿನ ನಡುವೆ ಎದ್ದ ಅರಳೆ

ನಾನು ಮದುವೆಯಾಗಿ ಹೋದ ಊರು ಕದರಮಂಡಲಗಿಯ ಆಚೆ, ಬ್ಯಾಡಗಿ ರಸ್ತೆಯಿಂದ ಒಳಗೆ. ಊರ ಪಕ್ಕದಲ್ಲಿ ಕೆರೆ, ಕೆರೆಯ ಕೆಳಗೆ ಎಲೆಬಳ್ಳಿ ತೋಟಗಳು. ಅವುಗಳಲ್ಲಿ ಒಂದು ನಮ್ಮದು. ನಾನು ಬೆಳೆದದ್ದು ರಾಣೆಬೆನ್ನೂರಿನ ಪೇಟೆಯಲ್ಲಿ, ಅಪ್ಪನ ಬೀಜದ ಅಂಗಡಿಯ ಮೇಲಿದ್ದ ಮನೆಯಲ್ಲಿ. ಯಾವ ಬೀಜ ಯಾವ ಮಳೆಗೆ, ಯಾವುದು ಯಾವ ಮಣ್ಣಿಗೆ ಎಂಬುದೆಲ್ಲ ಬಾಯಿಪಾಠ ಇತ್ತು. ಯಾರೂ ಬಿತ್ತದೆ ತಾವೇ ಬೆಳೆಯುವ ಗಿಡಗಳ ವಿಷಯಕ್ಕೆ ಬಂದರೆ ಮಾತ್ರ ನಾನು ಅಪ್ಪಟ ಪೇಟೆಯವಳು.

ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ, ಹಿತ್ತಲಿನ ಕಲ್ಲಿನ ಬಾನಿಯಲ್ಲಿ ಉದ್ದುದ್ದ ಎಲೆಗಳು ನೆನೆಯುತ್ತಿರುವುದನ್ನು ಕಂಡು ಅತ್ತೆಯನ್ನು ಕೇಳಿದೆ.

“ಈ ಹುಲ್ಲು ಎಮ್ಮಿಗೇನ್ರಿ ಅತ್ತಿ?”

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ಪಾತ್ರೆ ತಿಕ್ಕುತ್ತಲೇ ಇದ್ದರು. ಒಳಗಿನಿಂದ ನನ್ನ ಗಂಡ ನಕ್ಕರು. “ಅದು ಆಪು. ಎಮ್ಮಿ ಮುಂದ ಹಾಕಿ ನೋಡು, ನಾಳಿಂದ ನಿನ್ನ ಮಾರಿ ನೋಡೂದಿಲ್ಲ ಅದು.”

ಆಪು ಎಂದರೆ ಕೆರೆಯ ನೀರಲ್ಲಿ ಬೆಳೆಯುವ ಜೊಂಡು, ಅದು ನಮ್ಮ ತೋಟಕ್ಕೆ ಎಷ್ಟು ಬೇಕಾದದ್ದು ಎಂಬುದು ಆಮೇಲೆ ನಿಧಾನಕ್ಕೆ ತಿಳಿಯಿತು. ಎಲೆಬಳ್ಳಿಯನ್ನು ಚೊಗಚಿ, ನುಗ್ಗೆ ಗಿಡಗಳಿಗೆ ಹಬ್ಬಿಸುತ್ತಾರೆ. ಬಳ್ಳಿ ಮೇಲೇರಿದಂತೆಲ್ಲ ಅದನ್ನು ಗಿಡಕ್ಕೆ ಕಟ್ಟುತ್ತ ಹೋಗಬೇಕು. ಕಟ್ಟುವುದಕ್ಕೆ ಆಪಿನ ಎಲೆ. ಒಣಗಿಸಿಟ್ಟ ಎಲೆಯನ್ನು ನೀರಲ್ಲಿ ನೆನೆಸಿದರೆ ಚರ್ಮದಷ್ಟು ಮೆತ್ತಗಾಗುತ್ತದೆ. ಉಗುರಿನಿಂದ ಸೀಳಿ ಪಟ್ಟಿ ಮಾಡಿಕೊಂಡು, ಒಂದು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದರೆ ಮುಗಿಯಿತು. ಗಂಟು ಹಾಕುವ ಕೆಲಸವೂ ಇಲ್ಲ. ಬಳ್ಳಿ ದಪ್ಪವಾಗುವ ಹೊತ್ತಿಗೆ ಪಟ್ಟಿ ತಾನಾಗಿಯೇ ಜೀರ್ಣವಾಗಿ ಸಡಿಲವಾಗುತ್ತದೆ.

ಆಪು ಇಷ್ಟಕ್ಕೇ ಮುಗಿಯುವುದಿಲ್ಲ. ಕೆರೆಯ ದಂಡೆಗೇ ಮನೆ ಮಾಡಿಕೊಂಡಿದ್ದ ಒಬ್ಬ ಕಾಕಾ, ಅವರ ಹೆಂಡತಿ ಕಾಕು, ಇಬ್ಬರೂ ಸೇರಿ ಆಪಿನ ಚಾಪೆ ಹೆಣೆಯುತ್ತಿದ್ದರು. ದನದ ಕೊಟ್ಟಿಗೆಗೆ ಮರೆ, ಮದುವೆ ಹಂದರಕ್ಕೆ ಹೊದಿಕೆ, ಮೆಣಸಿನಕಾಯಿ ಒಣಹಾಕಲು ಹಾಸು, ಎಲ್ಲಕ್ಕೂ ಅವರ ಚಾಪೆ ಹೋಗುತ್ತಿತ್ತು. ನಯವಾದ ಚಾಪೆ ಬೇಕೆಂದವರಿಗೆ ಜೇಕಿನದು. ಜೇಕು ಕೂಡ ಕೆರೆಯದೇ, ಆದರೆ ಅದರ ಕಡ್ಡಿ ಮೂರು ಮೂಲೆಯದು, ಆಪಿನ ಎಲೆ ಚಪ್ಪಟೆ. ನಾನು ಎರಡನ್ನೂ ಹುಲ್ಲು ಅಂದಾಗಲೆಲ್ಲ ಕಾಕು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಮಾಗಿಯಲ್ಲಿ ಆಪಿನ ತುದಿಗೆ ಕಂದು ಬಣ್ಣದ ತೆನೆ ಬರುತ್ತದೆ, ಥೇಟ್ ಸಜ್ಜೆ ತೆನೆಯ ಹಾಗೆ. ಬಲಿತ ತೆನೆಯನ್ನು ಮುಟ್ಟಿದರೆ ಸಾಕು, ಸಿಡಿದು ಅರಳೆ ಅರಳೆಯಾಗಿ ಹಾರುತ್ತದೆ. ಅತ್ತೆ ಅದನ್ನು ಚೀಲದಲ್ಲಿ ತುಂಬಿಸಿ ಇಟ್ಟುಕೊಳ್ಳುತ್ತಿದ್ದರು. ಮಗಳು ಹುಟ್ಟಿದಾಗ ಅದರ ತಲೆದಿಂಬು ಮಾಡಿಕೊಟ್ಟರು. ಒಮ್ಮೆ ರೊಟ್ಟಿ ಹಂಚು ತಾಗಿ ನನ್ನ ಅಂಗೈ ಸುಟ್ಟಾಗ, ಎಣ್ಣೆ ಸವರಿ ಅದರ ಮೇಲೆ ಈ ಅರಳೆಯನ್ನೇ ಇಟ್ಟು ಬಟ್ಟೆ ಸುತ್ತಿದರು. “ಭಾಳ ಉರಿಯಾಕತ್ತೈತ್ರಿ” ಎಂದೆ. ಅವರು ಏನೂ ಅನ್ನಲಿಲ್ಲ.

ಅದೇ ನನ್ನ ಬೇಸರ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ತೋಟವನ್ನೂ ಮಗನನ್ನೂ ಅತ್ತೆ ಒಬ್ಬರೇ ನೋಡಿಕೊಂಡವರು. ನನ್ನ ಮೇಲೆ ಸಿಟ್ಟು ಮಾಡಿದವರಲ್ಲ, ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ನಾನು ಏನಾದರೂ ಹೇಳಿದರೆ ಹತ್ತರಲ್ಲಿ ಒಂದಕ್ಕೂ ಉತ್ತರ ಬರುತ್ತಿರಲಿಲ್ಲ. ಮಗ ಮಾತಾಡಿದರೆ ಮಾತಾಡುತ್ತಿದ್ದರು, ಕಾಕು ಬಂದರೆ ನಗುತ್ತಿದ್ದರು. ನನ್ನ ಸರದಿ ಬಂದಾಗ ಮಾತ್ರ ಮೌನ. ಪೇಟೆಯ ಹುಡುಗಿಯನ್ನು ತಂದುಕೊಂಡದ್ದು ಅವರ ಮನಸ್ಸಿಗೆ ಬಂದಿಲ್ಲ ಎಂದು ನಾನು ಅಂದುಕೊಂಡೆ. ಗಂಡನಿಗೆ ಹೇಳಿದರೆ, “ಅವ್ವ ಮೊದಲಿಂದ ಕಡಿಮಿ ಮಾತಿನಾಕಿ” ಎಂದರು. ನಾನೂ ಕ್ರಮೇಣ ಮಾತು ಕಡಿಮೆ ಮಾಡಿದೆ.

ಮಗಳು ಇನ್ನೂ ಅಂಬೆಗಾಲಿಡುತ್ತಿದ್ದ ವರ್ಷ. ಹಿಂದಿನ ಬೇಸಿಗೆಯಲ್ಲಿ ಕೆರೆಯ ಮಣ್ಣನ್ನು ಇಟ್ಟಿಗೆ ಭಟ್ಟಿಯವರು ಜೆಸಿಬಿ ಹಚ್ಚಿ ಅಲ್ಲಲ್ಲಿ ಕೆದರಿ ಒಯ್ದಿದ್ದರು. ಆಮೇಲೆ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತು. ಆ ಗುಂಡಿಗಳಲ್ಲಿ ಹೂಳು ಬಂದು ಕೂತಿತ್ತು. ಮೇಲೆ ನೋಡಿದರೆ ಎಲ್ಲ ಕಡೆ ಒಂದೇ ಸಮನೆ ಆಪು. ಗುಂಡಿ ಎಲ್ಲಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ.

ನನ್ನ ಗಂಡ ಅದನ್ನೇ ಹೇಳಿ, ಬ್ಯಾಡಗಿಯಿಂದ ಪ್ಲಾಸ್ಟಿಕ್ ದಾರದ ಉಂಡೆ ತಂದಿದ್ದರು. “ಅವ್ವಾ, ಈ ವರ್ಷ ಕೆರ್ಯಾಗ ಇಳಿಬ್ಯಾಡ. ಇದರ್ಲೇ ಕಟ್ಟೋಣು.”

ಅತ್ತೆ ದಾರವನ್ನು ಬೆರಳಿಗೆ ಸುತ್ತಿ ಎಳೆದು ನೋಡಿದರು. ಬೆರಳಿನ ಮೇಲೆ ಕೆಂಪು ಗೆರೆ ಮೂಡಿತು. ಆ ಬೆರಳನ್ನೇ ಮಗನ ಮುಖದ ಮುಂದೆ ಹಿಡಿದರು. “ಬಳ್ಳಿ ಕುತಗೀಗೂ ಹಿಂಗs ಆಗ್ತೈತಿ.” ಇವರು ಒಪ್ಪಲಿಲ್ಲ, ಅವರು ಬಿಡಲಿಲ್ಲ. ಕಡೆಗೆ ತೋಟದ ಅರ್ಧಕ್ಕೆ ದಾರ, ಅರ್ಧಕ್ಕೆ ಆಪು ಎಂದಾಯಿತು.

ಒಂದು ದಿನ ಬೆಳಿಗ್ಗೆ ಅತ್ತೆ ರೊಟ್ಟಿ ತಿಂದು, ಕುಡುಗೋಲು, ಹಗ್ಗ ತೆಗೆದುಕೊಂಡು ಹೊರಟರು. ನಾನು ಬಾಗಿಲಲ್ಲಿ ನಿಂತು, “ಅತ್ತಿ, ಒಬ್ಬಾಕೀನs ಇಳಿಬ್ಯಾಡ್ರಿ. ಕಾಕುನ್ನ ಕರಕೊಂಡು ಹೋಗ್ರಿ” ಎಂದೆ. ಅವರು ತಿರುಗಿ ನೋಡದೆ ನಡೆದುಬಿಟ್ಟರು.

ಬಿಸಿಲು ಏರುವ ಮೊದಲೇ ಆಪಿನ ಹೊರೆ ಹೊತ್ತು ಬರುವುದು ಅವರ ರೂಢಿ. ಅವತ್ತು ಅಡುಗೆ ಆಯಿತು, ಮಗಳ ಸ್ನಾನ ಆಯಿತು, ಬಟ್ಟೆ ಒಣಗಿತು, ಅತ್ತೆ ಬರಲಿಲ್ಲ. ಅಂಗಳಕ್ಕೆ ಹತ್ತಾರು ಸಲ ಬಂದು ನೋಡಿದೆ. ಕಾಕುವಿನ ಮನೆಯಲ್ಲಿ ಮಾತಾಡುತ್ತ ಕೂತಿರಬಹುದು ಎಂದುಕೊಂಡೆ. ಕೊನೆಗೆ ತಡೆಯಲಾರದೆ ಮಗಳನ್ನು ಬಗಲಿಗೆ ಎತ್ತಿಕೊಂಡು ಕೆರೆಯ ಕಡೆ ಹೋದೆ.

ಕೆರೆಯ ಏರಿಯ ಮೇಲೆ ಅವರ ಚಪ್ಪಲಿ ಇತ್ತು. ಪಕ್ಕದಲ್ಲಿ ಮಡಚಿಟ್ಟ ಶಾಲು. ದಂಡೆಗೆ ಒಂದು ಹೊರೆ ಆಪು ಕಟ್ಟಿ ಇಟ್ಟಿದ್ದರು, ಅದರ ಎಲೆಗಳ ತುದಿ ಬಿಸಿಲಿಗೆ ಬಾಡಿದ್ದವು. ಅಂದರೆ ಈ ಹೊರೆಯನ್ನು ಇಲ್ಲಿ ಇಟ್ಟು ಮತ್ತೆ ಒಳಗೆ ಹೋಗಿ ಬಹಳ ಹೊತ್ತಾಗಿದೆ.

“ಅತ್ತೀ!” ಎಂದು ಕರೆದೆ. ನನ್ನ ದನಿ ಮೊದಲೇ ಸಣ್ಣದು. ಮತ್ತೆ ಕರೆದೆ. ಆಳೆತ್ತರಕ್ಕಿಂತ ಹೆಚ್ಚು ಬೆಳೆದ ಆಪು ಮಿಸುಕದೆ ನಿಂತಿತ್ತು. ಗಾಳಿಯೇ ಇರಲಿಲ್ಲ. ನೀರುಕೋಳಿ ಒಂದು ಕೂಗಿ ಸುಮ್ಮನಾಯಿತು. ನನಗೆ ಈಜು ಬಾರದು, ಬಗಲಲ್ಲಿ ಕೂಸು. ಏರಿಯ ಮೇಲೆ ಕಾಕಾನ ಮನೆಯವರೆಗೆ ಹೇಗೆ ಓಡಿದೆನೋ ತಿಳಿಯದು.

ಕಾಕಾ ಅಂಗಳದಲ್ಲಿ ಆಪು ಒಣಹಾಕುತ್ತಿದ್ದರು. “ಕಾಕಾ, ನಮ್ಮ ಅತ್ತಿ ಕೆರ್ಯಾಗಿಂದ ಹೊರಗ ಬಂದಿಲ್ರಿ. ಕರದ್ರ ಓ ಅನವಲ್ರು.”

ಅವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟರು. ಕಾಕುವನ್ನು ನಮ್ಮ ತೋಟಕ್ಕೆ ಓಡಿಸಿದರು, ನನ್ನ ಗಂಡನನ್ನು ಕರೆದುಕೊಂಡು ಬಾ ಎಂದು. ತಾವು ಹಗ್ಗ ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆ ಬಂದರು. ಬರುವಾಗಲೇ ದೊಡ್ಡ ದನಿಯಲ್ಲಿ, “ವೈನೀ! ಓ ವೈನೀ!” ಎಂದು ಅತ್ತೆಯನ್ನು ಕೂಗುತ್ತಿದ್ದರು. ಆ ಕೂಗು ಆಚೆ ದಂಡೆಗೆ ಹೋಗಿ ತಾಗಿ ಬರುತ್ತಿತ್ತು. ಒಳಗಿನಿಂದ ಮಾತ್ರ ಏನೂ ಇಲ್ಲ. ಕಾಕಾನ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಬಂದರು. ಅಂಗಿ ಕಳಚಿ ಎಸೆದು ನೀರಿಗಿಳಿದರು. ಇಬ್ಬರೂ ಆಪಿನೊಳಗೆ ಹೊಕ್ಕ ಮೇಲೆ ಅವರೂ ಕಾಣಿಸದಾದರು. ಎಲೆ ಸೀಳಿಕೊಂಡು ಹೋಗುವ ಸರಸರ ಸದ್ದು, “ಅವ್ವಾ!” ಎನ್ನುವ ಕೂಗು, ಕಾಕಾ “ಆ ಕಡೆ ಹೋಗಬ್ಯಾಡೋ, ಗುಂಡಿ ಐತಿ” ಎನ್ನುವುದು, ಇಷ್ಟೇ. ಒಳಗೆ ಹೋದವರಿಗೆ ತಮ್ಮ ಮೂಗಿನ ಮುಂದಿನ ಎಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅವರ ಸದ್ದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೋಗುತ್ತಿತ್ತು.

ಕಾಕು ನನ್ನ ಕೈಯಿಂದ ಮಗಳನ್ನು ಎತ್ತಿಕೊಂಡರು. ನನಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ತೂಬಿನ ಕಟ್ಟೆ ಹತ್ತಿದೆ. ಅದು ಏರಿಗಿಂತ ಎತ್ತರ, ಅಲ್ಲಿಂದ ಆಪಿನ ನೆತ್ತಿ ಪೂರಾ ಕಾಣುತ್ತದೆ. ಕಂದು ತೆನೆಗಳು ಒಂದೇ ಸಮನೆ, ಕೊಯ್ಲಿಗೆ ಬಂದ ಸಜ್ಜೆ ಹೊಲದ ಹಾಗೆ. ಇವರಿಬ್ಬರೂ ನಡೆಯುತ್ತಿದ್ದಲ್ಲಿ ತೆನೆಗಳು ತೂಗಾಡಿ ಅರಳೆ ಏಳುತ್ತಿತ್ತು. ಅದನ್ನೇ ನೋಡುತ್ತಿದ್ದೆ, ಗಂಡ ಎಲ್ಲಿದ್ದಾರೆ, ಕಾಕಾ ಎಲ್ಲಿದ್ದಾರೆ ಎಂದು.

ಆಗ ಮೂರನೆಯ ಕಡೆ ಅರಳೆ ಎದ್ದಿತು.

ಇಬ್ಬರಿಂದಲೂ ದೂರ, ಕೆರೆಯ ಮೂಡಣ ಮೂಲೆಗೆ. ಒಂದು ಹಿಡಿಯಷ್ಟು ಬಿಳಿ ಮೇಲೆದ್ದು ಗಾಳಿಯಿಲ್ಲದ್ದಕ್ಕೆ ಅಲ್ಲೇ ತೇಲಿತು. ಹಕ್ಕಿ ಇರಬಹುದು ಎಂದು ನೋಡುತ್ತಲೇ ನಿಂತೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು, ಅದೇ ಜಾಗದಲ್ಲಿ. ಯಾರೋ ತೆನೆಯನ್ನು ಬಡಿಯುತ್ತಿದ್ದರು.

“ರೀ! ಮೂಡಣಕ್ಕ ಹೋಗ್ರಿ! ಅತ್ತಿ ಅಲ್ಲೆ ಅದಾರ! ಹತ್ತಿ ಹಾರಾಕತ್ತೈತಿ!”

ನನ್ನಿಂದ ಅಷ್ಟು ದೊಡ್ಡ ದನಿ ಹೊರಟದ್ದು ಅದೇ ಮೊದಲು. ಗಂಡ ಒಳಗಿನಿಂದಲೇ, “ಯಾ ಕಡೆ? ನನಗೇನೂ ಕಾಣವಲ್ದು!” ಎಂದರು.

“ನಿಮ್ಮ ಎಡಕ್ಕ! ಇನ್ನೂ ಎಡಕ್ಕ! ಹಾಂ, ಈಗ ನೆಟ್ಟಗ! ಕಾಕಾ, ನೀವು ಹಿಂದಕ್ಕ ಬರ್ರಿ, ಭಾಳ ಮುಂದ ಹೋಗೀರಿ!”

ಅವರು ನಡೆದಲ್ಲಿ ಏಳುವ ಅರಳೆ ಮೂಡಣದ ಅರಳೆಯ ಹತ್ತಿರ ಹತ್ತಿರ ಹೋಯಿತು. ಎರಡೂ ಸೇರಿದವು. ನಾನು ಕಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

“ಸಿಕ್ಳು! ಅವ್ವ ಸಿಕ್ಳು! ಆರಾಮ ಅದಾಳ!”

ಕಟ್ಟೆಯಿಂದ ದಡದಡ ಇಳಿದೆ. ಕೆಳಗೆ ಕಾಕು ಮಗಳನ್ನು ಅಪ್ಪಿಕೊಂಡು, “ಹನುಮಪ್ಪಾ, ಕಾದಿ ನಮ್ಮಪ್ಪಾ” ಎಂದು ಕದರಮಂಡಲಗಿಯ ಗುಡಿಯ ದಿಕ್ಕಿಗೆ ಕೈಮುಗಿದರು.

ಅತ್ತೆ ಆ ಹಾಳು ಗುಂಡಿಯ ಅಂಚಿಗೆ ಕಾಲಿಟ್ಟು ತೊಡೆಯ ತನಕ ಹೂಳಿನಲ್ಲಿ ಇಳಿದಿದ್ದರು. ನೀರು ಎದೆಯ ತನಕ ಬಂದಿತ್ತು. ಕಾಲು ಕಿತ್ತಷ್ಟೂ ಇನ್ನೂ ಒಳಕ್ಕೆ ಎಳೆಯುತ್ತಿತ್ತಂತೆ. ಕೈಗೆ ಸಿಕ್ಕ ಆಪನ್ನೆಲ್ಲ ಕೊಯ್ದು ಕೊಯ್ದು ಎದೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಮೈ ಚೆಲ್ಲಿ ಮಲಗಿದ್ದರು. ಆಪಿನ ಎಲೆಯ ಒಳಗೆಲ್ಲ ಗಾಳಿ, ಅದು ಮುಳುಗುವುದಿಲ್ಲ. ಕಾಕಾ ಮತ್ತು ಇವರು ಕೂಡ ಹಾಗೆಯೇ ಆಪು ಕೊಯ್ದು, ಅಡ್ಡಡ್ಡ ಹಾಸಿ, ಅದರ ಮೇಲೆ ನಿಂತು, ಕಂಕುಳಿಗೆ ಹಗ್ಗ ಹಾಕಿ ನಿಧಾನಕ್ಕೆ ಎಳೆದರಂತೆ. ಹೂಳು ಒಮ್ಮೆ ದೊಡ್ಡದಾಗಿ ಸದ್ದು ಮಾಡಿ ಕಾಲು ಬಿಟ್ಟಿತು ಎಂದು ಕಾಕಾ ಆಮೇಲೆ ಎಲ್ಲರಿಗೂ ಬಾಯಿಂದ ಆ ಸದ್ದು ಮಾಡಿ ತೋರಿಸುತ್ತಿದ್ದರು.

ಇಬ್ಬರ ನಡುವೆ ಅತ್ತೆ ದಂಡೆಗೆ ಬಂದರು. ಮೈಯೆಲ್ಲ ಕಪ್ಪು ಕೆಸರು, ಕೆಸರಿಗೆ ಅರಳೆ ಅಂಟಿ ತಲೆಯಿಂದ ಸೊಂಟದ ತನಕ ಬಿಳಿ ಬಿಳಿ. ಮಗಳು ಗುರುತು ಸಿಗದೆ ಕಿಟಾರನೆ ಕಿರುಚಿದಳು. ಅತ್ತೆ ಕೂತು ಉಸಿರು ತೆಗೆದುಕೊಂಡು, ಒಡೆದ ದನಿಯಲ್ಲಿ ಆಡಿದ ಮೊದಲ ಮಾತು, “ಕುಡಗೋಲು ಅಲ್ಲೇ ಬಿತ್ತೇನ?”

ನನ್ನ ಗಂಡ ಅಳುತ್ತಿದ್ದವರು ನಕ್ಕುಬಿಟ್ಟರು. “ಕುಡಗೋಲು ಹಾಳಾಗಿ ಹೋಗ್ಲಿ. ಅಷ್ಟು ಕೂಗಿದ್ವಿ, ಒಮ್ಮೆರ ಓ ಅನಬಾರದೇನವ್ವಾ?”

“ನೀವೆಲ್ಲಿ ಕೂಗಿದ್ರಿ?” ಅತ್ತೆಗೇ ಸಿಟ್ಟು ಬಂತು. “ಬೆಳಿಗ್ಗಿಂದ ನಾನs ಕೂಗಿ ಕೂಗಿ ಗಂಟಲ ಹರಕೊಂಡೆ. ಯಾರೂ ಬರಲಿಲ್ಲ. ದನಿ ಹೋತು. ಆಮ್ಯಾಲ ಕುಡಗೋಲಿಲೆ ತೆನಿ ಬಡಿಯಾಕ ಹತ್ತಿದೆ, ಏರಿ ಮ್ಯಾಲ ಹೋಗಾವ್ರು ಯಾರರ ನೋಡ್ಲಿ ಅಂತ.”

ಕಾಕಾನ ಕೂಗು ಆಚೆ ದಂಡೆಗೆ ಮುಟ್ಟಿ ಬಂದಿತ್ತು. ಅತ್ತೆಗೆ ಅದು ಕೇಳಿಸಿರಲಿಲ್ಲ. ಕಾಕು ಮೆಲ್ಲಗೆ ಅವರ ಬೆನ್ನ ಹಿಂದೆ ಹೋಗಿ, “ವೈನೀ, ಚಾ ಕುಡೀತೀರೇನ್ರಿ?” ಎಂದರು. ಅತ್ತೆ ಕಾಲಿನ ಕೆಸರು ಒರೆಸಿಕೊಳ್ಳುತ್ತಲೇ ಇದ್ದರು.

ಆ ಊರಲ್ಲಿ ಎಲ್ಲರೂ ಹೊಲದಿಂದ ಹೊಲಕ್ಕೆ ಮಾತಾಡಿ ರೂಢಿಯಾದವರು, ಮನೆಯಲ್ಲಿ ಕೂತರೂ ಅದೇ ಗಂಟಲು. ಎದುರಿಗೆ ಕೂತು ಗಟ್ಟಿಯಾಗಿ ಆಡಿದ ಮಾತು ಅತ್ತೆಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ನಾನೊಬ್ಬಳೇ ಅವರ ಬೆನ್ನ ಹಿಂದೆ ನಿಂತು, ಸಣ್ಣ ದನಿಯಲ್ಲಿ ಮಾತಾಡುತ್ತಿದ್ದವಳು. ಅವತ್ತು ಬಿಸಿನೀರು ಕಾಯಿಸಿ ಅವರ ತಲೆಗೆ ಹಾಕುತ್ತಿರುವಾಗ ನನಗೆ ಒಂದೊಂದೇ ನೆನಪಾಗುತ್ತ ಹೋಯಿತು. ಬಾನಿಯ ಹತ್ತಿರ ಕೇಳಿದ್ದು, ಅಂಗೈ ಸುಟ್ಟಾಗ ಹೇಳಿದ್ದು, ಬೆಳಿಗ್ಗೆ ಬಾಗಿಲಲ್ಲಿ ಕರೆದದ್ದು. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ನನ್ನ ಮೇಲೆ ಅವರಿಗೆ ಏನೂ ಇರಲಿಲ್ಲ. ಕೆಸರು ವಾಸನೆ ಬರುತ್ತಿದ್ದ ಆ ಕೂದಲನ್ನು ನಾನು ಎಷ್ಟು ಹೊತ್ತು ತೊಳೆದೆನೋ, ಕೊನೆಗೆ ಅವರೇ “ಸಾಕು ಬಿಡs, ತಲಿ ಸವೀತೈತಿ” ಎಂದರು.

ಮೈಕೈ ನೋವು ಇಳಿದ ಮೇಲೆ ಕಿವಿಯ ಡಾಕ್ಟರಿಗೆ ತೋರಿಸೋಣ ಎಂದು ರಾಣೆಬೆನ್ನೂರಿಗೆ ಹೊರಟೆವು, ಅತ್ತೆ, ನಾನು, ಮಗಳು. ಬ್ಯಾಡಗಿಯಲ್ಲಿ ಬಸ್ಸು ಬದಲಿಸಬೇಕು. ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ದಿನಗಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದವರೆಲ್ಲ ಸೀನುತ್ತಿದ್ದರು. ಅತ್ತೆ ಸೆರಗಿನಿಂದ ಮೊಮ್ಮಗಳ ಮೂಗು ಮುಚ್ಚಿ ಹಿಡಿದು ತಾವು ಸೀನುತ್ತ ಕೂತರು. ದಾರಿಯುದ್ದಕ್ಕೂ ಅವರ ಮುಖದಲ್ಲಿ ಅಂಜಿಕೆ. “ವಯಸ್ಸಾತು, ಇನ್ನೇನು ಮಾಡಾಕ ಬರ್ತೈತಿ” ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ಕೆರೆಯಲ್ಲಿ ಹೂತುಕೊಂಡಾಗ ಅಂಜದವರು ಡಾಕ್ಟರ ಕುರ್ಚಿಯಲ್ಲಿ ನನ್ನ ಕೈ ಬಿಡಲಿಲ್ಲ.

ಡಾಕ್ಟರು ಬೆಳಕು ಬಿಟ್ಟು ಒಂದು ಕಿವಿ ನೋಡಿದರು, ಇನ್ನೊಂದು ನೋಡಿದರು. ಮತ್ತೆ ಮೊದಲಿನದನ್ನು ನೋಡಿದರು. “ಅಜ್ಜಿ, ಕಿವ್ಯಾಗ ಏನು ಇಟ್ಕೊಂಡೀರಿ?”

ನಾನು ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಅದನ್ನೇ ಕೇಳಿದೆ. ಅತ್ತೆ ನಾಚಿಕೊಂಡರು. “ಮಾಗಿ ಥಂಡಿ ಗಾಳಿಗೆ ಕಿವಿ ನೋವು ಬರ್ತಿತ್ರಿ. ಆಪಿನ ಹತ್ತಿಗೆ ಎಣ್ಣಿ ಹಚ್ಚಿ ಇಟಗೋತಿದ್ದೆ. ಎಲ್ಲಾ ತಗದೇನಿ ಮತ್ತ.”

ಎಲ್ಲ ತೆಗೆದಿರಲಿಲ್ಲ. ಎಷ್ಟೋ ಮಾಗಿಗಳ ಅರಳೆ, ಎಣ್ಣೆ, ಕಿವಿಯ ಮೇಣ ಸೇರಿ ಬೆಣೆ ಹೊಡೆದಂತೆ ಕೂತಿತ್ತು. ಡಾಕ್ಟರು ಏನೋ ಔಷಧ ಬಿಟ್ಟು ಸ್ವಲ್ಪ ಹೊತ್ತು ಕಾದು, ಬೆಚ್ಚಗಿನ ನೀರು ಹಾಕಿ, ಚಿಮಟದಿಂದ ನಿಧಾನಕ್ಕೆ ತೆಗೆದರು. ಬಿಳಿ ತಟ್ಟೆಯಲ್ಲಿ ಬಿದ್ದದ್ದನ್ನು ನೋಡಿ ಅತ್ತೆ, “ಅಯ್ಯ ಶಿವನs, ಇದು ನಂದೇನ?” ಎಂದು ಕಣ್ಣರಳಿಸಿದರು. ಎಡಗಿವಿ ಸ್ವಲ್ಪ ಮಂದವೇ ಉಳಿಯುತ್ತದೆ, ಬಲಗಿವಿ ಚೆನ್ನಾಗಿದೆ, ಇನ್ನು ಮೇಲೆ ಕಿವಿಗೆ ಏನೂ ಹಾಕಬೇಡಿ ಎಂದು ಡಾಕ್ಟರು ಹೇಳಿದರು. ವಯಸ್ಸಿನ ಕಿವುಡು ಎಂದುಕೊಂಡು ಹೋದವರಿಗೆ ಇದಕ್ಕಿಂತ ಸಿಹಿ ಸುದ್ದಿ ಏನಿದೆ!

ಹೊರಗೆ ಬಂದು ನಿಂತ ಕೂಡಲೇ ಅತ್ತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಆಟೋಗಳ ಹಾರ್ನು, ಬಸ್ಸಿನವರು ಊರ ಹೆಸರು ಕೂಗುವುದು, ದೂರದ ರೈಲು.

“ಈ ಊರಾಗ ಇಷ್ಟು ಗದ್ದಲ ಮೊದಲಿಂದs ಐತೇನು?”

“ಹೂಂ ಅತ್ತಿ, ಮೊದಲಿಂದs ಐತಿ” ಎಂದೆ, ಎಂದಿನ ನನ್ನ ಸಣ್ಣ ದನಿಯಲ್ಲಿ.

ಅವರು ಥಟ್ಟನೆ ನನ್ನ ಕಡೆ ತಿರುಗಿದರು. ನನ್ನ ಬಾಯಿಯನ್ನೇ ನೋಡಿದರು. “ಮತ್ತೊಮ್ಮೆ ಮಾತಾಡು.”

“ಏನು ಮಾತಾಡ್ಲಿ?”

“ಏನರ ಮಾತಾಡು. ನಿನ್ನ ದನಿ ಇಷ್ಟು ಚಲೋ ಐತಿ? ನೀ ಮನ್ಯಾಗ ಬಾಯಿ ಬಿಡಂಗಿಲ್ಲ, ಪ್ಯಾಟಿ ಹುಡುಗಿಗೆ ನಮ್ಮ ಮನಿ ಮನಸಿಗೆ ಬಂದಿಲ್ಲ ಅಂತ ನಾ ತಿಳಕೊಂಡಿದ್ದೆ.”

ಬಸ್ ಸ್ಟ್ಯಾಂಡಿನ ಎದುರು ನಿಂತು ನಾನು ಅಳುತ್ತ ನಕ್ಕೆ. ಅವರಿಗೆ ಕಾರಣ ಗೊತ್ತಾಗಲಿಲ್ಲ. “ಹಸಿವಾಗೈತೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದುರಿನ ಖಾನಾವಳಿ ಪಕ್ಕದ ಅಂಗಡಿಯಲ್ಲಿ ಗಿರ್ಮಿಟ್, ಮಿರ್ಚಿ ಹೇಳಿದರು. ಬೆಂಚಿನ ಮೇಲೆ ಕೂತು ತಿನ್ನುತ್ತ ಅಪ್ಪನ ಅಂಗಡಿಯ ಕಥೆ ಹೇಳು ಎಂದರು. ನಾನು ಹೇಳುತ್ತ ಹೋದೆ. ಬೀಜದ ಚೀಲಗಳ ಮೇಲೆ ಹತ್ತಿ ಅಡಗಿ ಕೂರುತ್ತಿದ್ದದ್ದು, ಅಪ್ಪ ಹುಡುಕುತ್ತ ಬರುತ್ತಿದ್ದದ್ದು. ಅತ್ತೆ ಬಲಗಿವಿಯನ್ನು ನನ್ನ ಕಡೆಗೆ ಮಾಡಿ ಕೂತು ಎಲ್ಲದಕ್ಕೂ ಹೂಂಗುಟ್ಟಿದರು. ನಡುವೆ ಒಮ್ಮೆ ಅಗಿಯುವುದನ್ನು ನಿಲ್ಲಿಸಿ ಬೆರಗಿನಿಂದ ಹೇಳಿದರು.

“ಶೇಂಗಾ ಕಡದ್ರ ಕಟುಂ ಅಂತ ಕೇಳ್ತೈತಿ.”

ಆ ಮಾಗಿಯ ಉಳಿದ ದಿನಗಳಲ್ಲಿ ಕೆರೆಗೆ ಯಾರೂ ಒಬ್ಬರೇ ಇಳಿಯಲಿಲ್ಲ. ಗುಂಡಿ ಇರುವ ಕಡೆಗಳಲ್ಲಿ ಕಾಕಾ ಉದ್ದನೆಯ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ಅತ್ತೆ ಮತ್ತು ಕಾಕು ಜೊತೆಯಾಗಿ ದಂಡೆಯ ಆಪು ಕೊಯ್ಯುತ್ತಿದ್ದರು, ಮಗಳನ್ನು ಏರಿಯ ನೆರಳಿನಲ್ಲಿ ಆಡಿಸಿಕೊಂಡು ನಾನು ಹೊರೆ ಕಟ್ಟುತ್ತಿದ್ದೆ. ಬಳ್ಳಿ ಕಟ್ಟುವುದನ್ನೂ ಕಲಿತೆ. ಮೊದಮೊದಲು ನಾನು ಕಟ್ಟಿದ ಬಳ್ಳಿಗಳು ಸಂಜೆಗೆಲ್ಲ ಜಾರಿ ಕೆಳಗೆ ಬರುತ್ತಿದ್ದವು. ಅತ್ತೆ ಬೈಯದೆ ಮತ್ತೆ ಕಟ್ಟುತ್ತಿದ್ದರು. ಆ ಸಾಲಿನ ಕೊನೆಯಿಂದ ಈ ಸಾಲಿನ ಕೊನೆಗೆ ನಾವು ಮಾತಾಡುತ್ತಲೇ ಇರುತ್ತಿದ್ದೆವು. “ಈ ಇಬ್ಬರ ಮಾತಿನ್ಯಾಗ ತೋಟದಾಗ ಹಕ್ಕಿ ಕುಂದ್ರವಲ್ವು” ಎಂದು ನನ್ನ ಗಂಡ ಬೇಸರ ಮಾಡಿಕೊಂಡವರಂತೆ ಕಾಕಾನ ಮುಂದೆ ಹೇಳುತ್ತಿದ್ದರು. ಆ ಮಾತು ಅತ್ತೆಗೂ ಕೇಳಿಸುತ್ತಿತ್ತು.